ರೂವಾರಿಯ ರುಜು

ಒಬ್ಬನೇ ಧಣಿಯ ಸಂಬಳಕ್ಕೆ ಒಳಗಾಗದೆ, ಕರೆ ಬಂದ ಕಡೆಗೆ ಹೋಗಿ, ಬೇಕಾದ ವಿನ್ಯಾಸವನ್ನು ರೂಪಿಸಿಕೊಟ್ಟು, ಆ ಕೆಲಸ ಮುಗಿದ ಮೇಲೆ ಮತ್ತೊಬ್ಬ ಯಜಮಾನನ ಮತ್ತೊಂದು ಕೆಲಸಕ್ಕೆ ಕೈಹಾಕುವವರನ್ನು ಇಂದು ಫ್ರೀಲಾನ್ಸ್ ಡಿಸೈನರ್ ಎಂದು ಕರೆಯುತ್ತಾರೆ. ಈ ಬಗೆಯ ದುಡಿಮೆಗೆ ಕನ್ನಡ ನಾಡಿನಲ್ಲಿ ಸಾವಿರ ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. 8ನೆಯ ಶತಮಾನದಿಂದ 13ನೆಯ ಶತಮಾನದವರೆಗೆ ಇಲ್ಲಿನ ದೇಗುಲಗಳನ್ನು ರೂಪಿಸಿದ ಸ್ಥಪತಿಗಳೂ ಶಿಲ್ಪಿಗಳೂ ಊರಿಂದೂರಿಗೆ, ಕೆಲವೊಮ್ಮೆ ಒಂದು ಅರಸುಮನೆತನದ ಸೀಮೆಯನ್ನು ದಾಟಿ ಇನ್ನೊಂದರ ಸೀಮೆಗೆ ಹೋಗಿ ದುಡಿದರು. ದುಡಿದಲ್ಲಿ ತಮ್ಮ ಹೆಸರನ್ನೂ, ತಂದೆಯ ಅಥವಾ ಗುರುವಿನ ಹೆಸರನ್ನೂ, ಹುಟ್ಟೂರನ್ನೂ, ಬಿರುದುಗಳನ್ನೂ ಕಲ್ಲಿನಲ್ಲಿ ಕೊರೆದು ಹೋದರು. ಪ್ರಾಚೀನ ಭಾರತದ ಕಲಾವಿದ ತನ್ನನ್ನು ಮರೆಸಿಕೊಂಡು ದೇವರಿಗಾಗಿ ದುಡಿದ ಅನಾಮಿಕ ಎಂಬ ಮಾತು ಕಲಾಚರಿತ್ರೆಯ ಪುಸ್ತಕಗಳಲ್ಲಿ ಬಹುಕಾಲದಿಂದ ನಡೆದುಬಂದಿದೆಯಾದರೂ ಕರ್ನಾಟಕದ ಮಟ್ಟಿಗೆ ಅದು ನಿಲ್ಲುವ ಮಾತಲ್ಲ. ಈ ಹೆಸರುಗಳನ್ನು ಬರಿಯ ಅಭಿಮಾನದ ಗುರುತುಗಳೆಂದು ಓದಿದರೆ ಅವುಗಳ ಅರ್ಥದ ಅರ್ಧಭಾಗ ಮಾತ್ರ ದಕ್ಕುತ್ತದೆ. ಮುಂದಿನ ಕೆಲಸದ ಮೇಲೆಯೇ ಬಾಳು ನಿಂತಿದ್ದ ಕುಶಲಿಗಳಿಗೆ ಹೆಸರೇ ಬಂಡವಾಳವಾಗಿತ್ತೆಂಬುದನ್ನು ಗಮನಕ್ಕೆ ತಂದುಕೊಂಡಾಗ ಉಳಿದರ್ಧ ತಿಳಿಯುತ್ತದೆ.

ವಾಸ್ತುಶಾಸ್ತ್ರದ ಗ್ರಂಥಗಳು ಕಟ್ಟಡದ ಕೆಲಸಗಾರರನ್ನು ನಾಲ್ಕು ಬಗೆಯಾಗಿ ಎಣಿಸುತ್ತವೆ: ಒಟ್ಟು ಕಟ್ಟಡದ ಕಲ್ಪನೆಯನ್ನು ರೂಪಿಸುವ ಸ್ಥಪತಿ, ಅವನ ಕಲ್ಪನೆಯನ್ನು ನೂಲಿನ ಅಳತೆಯಿಂದ ನೆಲದ ಮೇಲೆ ಇಳಿಸುವ ಸೂತ್ರಗ್ರಾಹಿ, ಕಲ್ಲನ್ನೋ ಮರವನ್ನೋ ಕಡಿದು ಹದಗೊಳಿಸುವ ತಕ್ಷಕ, ಹದಗೊಂಡ ಭಾಗಗಳನ್ನು ಜೋಡಿಸಿ ಏರಿಸುವ ವರ್ಧಕಿ. ಕನ್ನಡ ಶಾಸನಗಳಲ್ಲಿ ಈ ವಿಂಗಡಣೆ ಅಷ್ಟು ಗಟ್ಟಿಯಾಗಿ ಕಾಣುವುದಿಲ್ಲ. ಅಲ್ಲಿ ಹೆಚ್ಚಾಗಿ ಎದುರಾಗುವುದು ಸೂತ್ರಧಾರಿ, ಓಜ, ಆಚಾರಿ, ರೂವಾರಿ ಎಂಬ ಹೆಸರುಗಳು. ಸೂತ್ರಧಾರಿ ಎಂದರೆ ಅಳತೆಯ ನೂಲನ್ನು ಹಿಡಿದವನು, ಅಂದರೆ ಯೋಜನೆಯ ಹೊಣೆ ಹೊತ್ತವನು. ಓಜ ಎಂಬುದು ಕುಶಲಕರ್ಮಿಗಳ ಹೆಸರಿನ ಕೊನೆಗೆ ಸೇರುವ ಗೌರವದ ಮಾತು. ದಾಸೋಜ, ನಾಗೋಜ, ಬೈಚೋಜ ಎಂಬ ಹೆಸರುಗಳಲ್ಲಿ ಇರುವುದು ಅದೇ. ರೂವಾರಿ ಎಂದರೆ ರೂಪವನ್ನು ಕಡೆಯುವವನು. ವಿಗ್ರಹವನ್ನು ಬಿಡಿಸಿದವನನ್ನೂ ಶಾಸನದ ಅಕ್ಷರಗಳನ್ನು ಕಂಡರಿಸಿದವನನ್ನೂ, ಎಂದರೆ ಉಳಿಯಿಂದ ಕೊರೆದವನನ್ನೂ, ಈ ಮಾತು ಸಮಾನವಾಗಿ ಹೇಳುತ್ತದೆ. ಇಂದು ಯಾವುದಾದರೊಂದು ದೊಡ್ಡ ಕೆಲಸದ ಹಿಂದಿನ ಮುಖ್ಯ ವ್ಯಕ್ತಿಯನ್ನು ಅದರ ರೂವಾರಿ ಎಂದು ಪತ್ರಿಕೆಗಳು ಬರೆಯುವಾಗ ಉಳಿ ಹಿಡಿದು ಬದುಕಿದವರ ವೃತ್ತಿನಾಮವನ್ನೇ ಎರವಲು ಪಡೆಯುತ್ತಿವೆ.

ಈ ವೃತ್ತಿಯ ಮೊದಲ ಸ್ಪಷ್ಟ ದಾಖಲೆಗಳಲ್ಲೊಂದು ಪಟ್ಟದಕಲ್ಲಿನಲ್ಲಿದೆ. ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಮೂರು ಬಾರಿ ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ 8ನೆಯ ಶತಮಾನದ ನಡುಭಾಗದಲ್ಲಿ ಕಟ್ಟಿಸಿದ, ಇಂದು ವಿರೂಪಾಕ್ಷ ದೇವಾಲಯವೆಂದು ಹೆಸರಾದ ಗುಡಿಯ ಶಾಸನಗಳು ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯನ್ನು ಹೆಸರಿಸಿ, ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಂದುದನ್ನೂ ಪೆರ್ಜೆರೆಪು ಎಂಬ ಗೌರವಪಟ್ಟವನ್ನು ಕಟ್ಟಿದುದನ್ನೂ ತಿಳಿಸುತ್ತವೆ. ಅಷ್ಟೇ ಅಲ್ಲದೆ ಆ ನಾಡಿನ ಕುಶಲಕರ್ಮಿಗಳ ಮೇಲೆ ಮೊದಲು ಹೇರಲಾಗಿದ್ದ ಬಹಿಷ್ಕಾರವನ್ನು ತೆಗೆದುಹಾಕಿದ ಸಂಗತಿಯೂ ಅಲ್ಲಿದೆ. ಒಬ್ಬ ವಿನ್ಯಾಸಕಾರ ತನ್ನ ಕೆಲಸದ ಫಲವಾಗಿ ಇಡೀ ಸಮುದಾಯದ ಸ್ಥಾನವನ್ನು ಮರಳಿ ಪಡೆದುಕೊಟ್ಟ ಈ ಉದಾಹರಣೆ ಚರಿತ್ರೆಯಲ್ಲಿ ಸಿಗಬೇಕಾದಷ್ಟು ಮನ್ನಣೆಯನ್ನು ಇನ್ನೂ ಪಡೆದಿಲ್ಲ. ಅದೇ ಗುಡಿಯಲ್ಲಿ ತೆಂಕಣ ದಿಕ್ಕಿನ ಸೂತ್ರಧಾರಿ ಎಂದು ಹೇಳಿಕೊಂಡ ಸರ್ವಸಿದ್ಧಿ ಆಚಾರಿಯ ಹೊಗಳಿಕೆಯೂ ಇದೆ. ಅವನ ಪರಿಣತಿಯ ಪಟ್ಟಿಯಲ್ಲಿ ಪುರಗಳು, ಮನೆಗಳು, ಪ್ರಾಸಾದಗಳ ಜೊತೆಗೆ ವಾಹನ, ಪೀಠ, ಮಂಚ, ಮಣಿಮಕುಟಗಳೂ ಬರುತ್ತವೆ. ನಗರದ ವಿನ್ಯಾಸದಿಂದ ಕಿರೀಟದ ಹರಳಿನವರೆಗೆ ಒಬ್ಬನೇ ಕೈಯಾಡಿಸಬಲ್ಲನೆಂಬ ಈ ಹೇಳಿಕೆಯಲ್ಲಿ ಉತ್ಪ್ರೇಕ್ಷೆಯಿದ್ದರೂ ಇರಬಹುದು. ಆದರೆ ಗುಡಿಯ ಕೆಲಸ ಎಲ್ಲ ಕಾಲಕ್ಕೂ ಸಿಗುವಂಥದ್ದಲ್ಲವಾದ್ದರಿಂದ ಹಲವು ವಸ್ತುಗಳ ರಚನೆಯನ್ನು ಬಲ್ಲವನಾಗಿರುವುದು ಬಾಳುವೆಯ ದೃಷ್ಟಿಯಿಂದಲೂ ಅಗತ್ಯವಾಗಿತ್ತೆಂದು ಊಹಿಸಲು ಅಡ್ಡಿಯಿಲ್ಲ. ಪಕ್ಕದ ಪಾಪನಾಥ ದೇವಾಲಯದ ದಕ್ಷಿಣ ಭಾಗವನ್ನು ಮಾಡಿದ ರೇವಡಿ ಓವಜ್ಜ ಇದೇ ಸರ್ವಸಿದ್ಧಿ ಆಚಾರಿಯ ಪರಂಪರೆಯವನೆಂದು ತನ್ನನ್ನು ಗುರುತಿಸಿಕೊಂಡಿರುವುದರಿಂದ, ಹಿರಿಯನ ಹೆಸರು ಕಿರಿಯನಿಗೆ ಅರ್ಹತಾಪತ್ರವಾಗಿ ಒದಗುತ್ತಿದ್ದುದೂ ಆ ಕಾಲಕ್ಕಾಗಲೇ ರೂಢಿಯಾಗಿತ್ತೆಂಬುದು ಖಚಿತವಾಗುತ್ತದೆ.

ಐಹೊಳೆಯ ಶಾಸನವೊಂದು ನರಸೊಬ್ಬನೆಂಬವನನ್ನು, ಮನೆಗಳನ್ನೂ ದೇಗುಲಗಳನ್ನೂ ಕಟ್ಟುವುದರಲ್ಲಿ ಅವನಿಗೆ ಸಮನಾದವನು ಜಂಬೂದ್ವೀಪದಲ್ಲಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ ಎಂದು ಕೊಂಡಾಡುತ್ತದೆ. ಬಳ್ಳಾರಿ ಸೀಮೆಯ ಹೊಳಲಿನ ಶಾಸನ ಇದಕ್ಕಿಂತ ತೂಕದ ಮಾತನ್ನು ಹೇಳುತ್ತದೆ: ಸೋಗೆಯ ಪದೋಜನ ಶಿಷ್ಯನಾದ ಬಮ್ಮೋಜ 64 ಬಗೆಯ ಪ್ರಾಸಾದಗಳನ್ನೂ ನಾಗರ, ಕಳಿಂಗ, ದ್ರಾವಿಡ, ವೇಸರ ಎಂಬ ನಾಲ್ಕು ಜಾತಿಯ ಕಟ್ಟಡಗಳನ್ನೂ ಬಲ್ಲವನು. ನಾಗರವು ಉತ್ತರ ಭಾರತದ, ದ್ರಾವಿಡವು ತೆಂಕಣದ, ಕಳಿಂಗವು ಒಡಿಶಾ ಕಡೆಯ ಕಟ್ಟಡದ ಬಗೆಗಳಾದರೆ, ವೇಸರವೆಂಬುದು ಕರ್ನಾಟಕದ ನೆಲದಲ್ಲಿ ರೂಪುಗೊಂಡ ಬಗೆಗೆ ಸಲ್ಲುವ ಹೆಸರೆಂದು ಹಲವು ವಿದ್ವಾಂಸರು ತಿಳಿಯುತ್ತಾರೆ. ಇಲ್ಲಿ ಹೊಗಳಿಕೆ ಬೆರಳಿನ ಚಳಕವನ್ನು ಬಿಟ್ಟು ಶೈಲಿಗಳ ತಿಳಿವಳಿಕೆಯ ಕಡೆಗೆ ತಿರುಗಿರುವುದು ಗಮನಾರ್ಹವಾಗಿದೆ. ಯಾವ ಊರಿನ ಯಾವ ಯಜಮಾನ ಯಾವ ಬಗೆಯ ಗುಡಿಯನ್ನು ಬಯಸಿದರೂ ಕಟ್ಟಿಕೊಡಬಲ್ಲೆನೆಂಬ ಸಿದ್ಧತೆ, ಒಂದೇ ಆಸ್ಥಾನದ ಅಭಿರುಚಿಗೆ ಕಟ್ಟುಬಿದ್ದವನಿಗಿಂತ ಹಲವರಿಗಾಗಿ ದುಡಿಯುವವನಿಗೆ ಹೆಚ್ಚು ಬೇಕಾದದ್ದು.

ಹೊಯ್ಸಳರ ಕಾಲಕ್ಕೆ ಬಂದರೆ ಈ ಚಿತ್ರ ಇನ್ನೂ ತುಂಬಿಕೊಳ್ಳುತ್ತದೆ. 1116ರ ಹೊತ್ತಿಗೆ ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದಾಗ, ಆ ಗಾತ್ರದ, ಆ ಸೂಕ್ಷ್ಮತೆಯ ಕೆಲಸಕ್ಕೆ ಬೇಕಾದ ನುರಿತ ಕೈಗಳು ಹೆಚ್ಚಾಗಿ ಇದ್ದುದು ಉತ್ತರಕ್ಕೆ, ಕಲ್ಯಾಣದ ಚಾಲುಕ್ಯರ ನಾಡಿನಲ್ಲಿ. ಇಂದಿನ ಲಕ್ಕುಂಡಿಯಾದ ಲೊಕ್ಕಿಗುಂಡಿ, ಗದಗು, ಬಳ್ಳಿಗಾವೆಗಳು ಗುಡಿಕಟ್ಟುವ ಕಸುಬಿನ ನೆಲೆಗಳಾಗಿದ್ದವು. ದೇವಾಲಯ ಚಕ್ರವರ್ತಿಯೆಂಬ ಹೊಗಳಿಕೆಗೆ ಪಾತ್ರವಾದ ಇಟಗಿಯ ಮಹಾದೇವ ದೇಗುಲ 1112ರಲ್ಲಿ, ಬೇಲೂರಿಗಿಂತ ಐದೇ ವರ್ಷ ಮೊದಲು, ಆ ಸೀಮೆಯಲ್ಲಿ ಎದ್ದು ನಿಂತಿತ್ತು. ಇಂದಿನ ಶಿಕಾರಿಪುರ ತಾಲ್ಲೂಕಿಗೆ ಸೇರಿದ ಬಳ್ಳಿಗಾವೆಯಿಂದ ದಾಸೋಜನೂ ಅವನ ಮಗ ಚಾವಣನೂ ಬೇಲೂರಿಗೆ ಬಂದು ದುಡಿದುದಕ್ಕೆ ಮದನಿಕೆಗಳ ಪೀಠದ ಮೇಲಿನ ಬರಹಗಳೇ ಆಧಾರ. ಆ ವರ್ಷಗಳ ರಾಜಕೀಯವನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ವಿಷ್ಣುವರ್ಧನ ಹೆಸರಿಗೆ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಸಾಮಂತನಾಗಿದ್ದರೂ ಆ ನೊಗವನ್ನು ಕಳಚಿಕೊಳ್ಳಲು ಹವಣಿಸುತ್ತಿದ್ದು, 1118ರಲ್ಲಿ ಕಣ್ಣೆಗಾಲದ ಬಳಿ ಅವನ ದಂಡನಾಯಕ ಗಂಗರಾಜ ಚಾಲುಕ್ಯ ಸೇನೆಯನ್ನು ರಾತ್ರಿ ದಾಳಿಯಲ್ಲಿ ಚದುರಿಸಿದ್ದನು. ಇಬ್ಬರು ಅರಸರ ನಡುವೆ ಕತ್ತಿ ಹಿರಿದ ಕಾಲದಲ್ಲಿಯೇ ಒಬ್ಬರ ನೆಲದ ಶಿಲ್ಪಿಗಳು ಇನ್ನೊಬ್ಬರ ಗುಡಿಯನ್ನು ಸಿಂಗರಿಸಿದರು. ಕಸುಬಿಗೆ ಅರಸುಗಳ ಗಡಿ ಅಡ್ಡಿಯಾಗಲಿಲ್ಲ.

ಮದನಿಕೆ ಎಂಬುದು ಗುಡಿಯ ಕಂಬದ ತಲೆಗೂ ಮುಂಚಾಚಿದ ಸೂರಿಗೂ ನಡುವೆ ಓರೆಯಾಗಿ ಕೂಡಿಸಿದ ಹೆಣ್ಣಿನ ವಿಗ್ರಹ. ಶಿಲಾಬಾಲಿಕೆ ಎಂಬ ಹೆಸರೂ ಅದಕ್ಕಿದೆ. ಬೇಲೂರಿನಲ್ಲಿ ಹೊರಗೆ 38, ಒಳಗೆ 4, ಒಟ್ಟು 42 ಮದನಿಕೆಗಳಿವೆ. ಇವುಗಳಲ್ಲಿ ಐದನ್ನು ಚಾವಣನೂ ನಾಲ್ಕನ್ನು ದಾಸೋಜನೂ ಮಾಡಿದರೆಂದು ಎಣಿಸಲಾಗಿದೆ. ತಂದೆ ಮಗ ಒಂದೇ ಕಡೆ, ಒಂದೇ ಬಗೆಯ ವಿಗ್ರಹಗಳನ್ನು ಮಾಡುತ್ತಿದ್ದರೂ ಹೆಸರುಗಳನ್ನು ಬೇರೆಬೇರೆಯಾಗಿಯೇ ಕೊರೆದಿದ್ದಾರೆ. ಮಗನ ಕೆಲಸವನ್ನು ತಂದೆಯ ಖಾತೆಗೆ ಸೇರಿಸಲಿಲ್ಲ, ಆದರೆ ತಾನು ದಾಸೋಜನ ಮಗನೆಂದು ಹೇಳಿಕೊಳ್ಳುವುದನ್ನು ಮಗ ಬಿಡಲೂ ಇಲ್ಲ. ಕಲಿಕೆಯ ಕುಲವನ್ನು ಒಪ್ಪಿಕೊಂಡು ಕೆಲಸದ ಹೊಣೆಯನ್ನು ತಾನೇ ಹೊರುವ ಈ ಕ್ರಮ ತುಂಬ ನ್ಯಾಯವಾದದ್ದು. ಈ ರುಜುಗಳ ಜೊತೆಗೆ ಬರುವ ಬಿರುದುಗಳ ಧಾಟಿ ಮಾತ್ರ ಯುದ್ಧಭೂಮಿಯದು. ಬಿರುದು ಹೊತ್ತ ಇತರ ರೂವಾರಿಗಳೆಂಬ ಮನ್ಮಥನಿಗೆ ತಾನು ಮಹೇಶ್ವರನೆಂದೂ, ಅವರೆಂಬ ಬೆಟ್ಟಕ್ಕೆ ವಜ್ರಾಯುಧವೆಂದೂ ಶಿಲ್ಪಿಗಳು ತಮ್ಮನ್ನು ಕರೆದುಕೊಂಡಿದ್ದಾರೆ. ವೀರರ ಶಾಸನಗಳಿಂದ ಎತ್ತಿಕೊಂಡ ಈ ಮಾತುಗಳನ್ನು ಬರಿಯ ಜಂಬವೆಂದು ತಳ್ಳಿಹಾಕುವುದು ಸರಿಯಾಗದು. ಒಂದೇ ಗುಡಿಯಲ್ಲಿ ಹಲವು ಊರುಗಳ ತಂಡಗಳು ಮಗ್ಗುಲು ಮಗ್ಗುಲಾಗಿ ಕುಳಿತು ಕಡೆಯುತ್ತಿದ್ದಾಗ, ಕಟ್ಟಿಸುವವರ, ಪೂಜಿಸುವವರ, ನೋಡಲು ಬರುವ ಇತರ ಒಡೆಯರ ಕಣ್ಣು ಯಾರ ವಿಗ್ರಹದ ಮೇಲೆ ನಿಲ್ಲುತ್ತದೆಂಬುದು ಆ ತಂಡಗಳ ಮುಂದಿನ ವರ್ಷಗಳ ಅನ್ನವನ್ನು ನಿರ್ಧರಿಸುತ್ತಿತ್ತು.

ಬೇಲೂರಿನದು ಅರಸನ ಕೆಲಸ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ 1121ರಲ್ಲಿ ಎದ್ದುದು ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನ ಮುತುವರ್ಜಿಯಿಂದ; ಸೆಟ್ಟಿಗಳ ಹಣ ಅದಕ್ಕೆ ಹರಿಯಿತು. 12ನೆಯ ಶತಮಾನದ ಕೊನೆಯಿಂದ ದೊಡ್ಡ ಗುಡಿಗಳನ್ನು ಕಟ್ಟಿಸಿದವರಲ್ಲಿ ದಂಡನಾಯಕರೇ ಹೆಚ್ಚು ಕಾಣುತ್ತಾರೆ. ಅರಸ, ವರ್ತಕ, ಸೇನಾಪತಿ ಎಂಬ ಈ ಮೂರು ಬಗೆಯ ಯಜಮಾನರ ನಡುವೆ ಹಂಚಿಹೋಗಿದ್ದ ಬೇಡಿಕೆಯೇ ಶಿಲ್ಪಿಗಳ ಅಲೆದಾಟಕ್ಕೂ ಅವರ ಸ್ವಾತಂತ್ರ್ಯಕ್ಕೂ ತಳಹದಿಯಾಗಿತ್ತು. ಇದನ್ನು ಮಲ್ಲಿತಮ್ಮನೆಂಬ ಒಬ್ಬನೇ ರೂವಾರಿಯ ಜಾಡು ಹಿಡಿದು ನೋಡಬಹುದು.

ಮಲ್ಲಿತಮ್ಮನ ಹೆಸರು ಮೊದಲು ಕೇಳಿಬರುವುದು ಇಂದಿನ ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ನವರಂಗದ ಭುವನೇಶ್ವರಿಗಳಲ್ಲಿ, ಅಂದರೆ ಗುಮ್ಮಟದಂತೆ ಒಳಬಾಗಿದ ಅಲಂಕೃತ ಛಾವಣಿಗಳಲ್ಲಿ, ಅವನ ಕೈ ಪಳಗಿತೆಂದು ವಿದ್ವಾಂಸರು ಹೇಳುತ್ತಾರೆ. ಬಳಿಕ ಹಾರನಹಳ್ಳಿ, ಜಾವಗಲ್ಲು, ಗೋವಿಂದನಹಳ್ಳಿಗಳಲ್ಲಿ ಅದೇ ಹೆಸರು ಸಿಗುತ್ತದೆ. 1246ರಲ್ಲಿ ಬೊಮ್ಮಣ್ಣ ದಂಡನಾಯಕ ನುಗ್ಗೇಹಳ್ಳಿಯಲ್ಲಿ ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿಸಿದಾಗ ಅದರ ಹೊರಗೋಡೆಯ ಕೆಲಸವನ್ನು ಇಬ್ಬರಿಗೆ ಹಂಚಲಾಯಿತು: ದಕ್ಷಿಣದ ಪಾಲು ನಂದಿಯ ಬೈಚೋಜನಿಗೆ, ಉತ್ತರದ ಪಾಲು ಮಲ್ಲಿತಮ್ಮನಿಗೆ. ಒಂದೇ ಪ್ರದಕ್ಷಿಣೆಯಲ್ಲಿ ಇಬ್ಬರು ಸಮಕಾಲೀನ ಶಿಲ್ಪಿಗಳ ಕೈಬರಹವನ್ನು ಹೋಲಿಸಿ ನೋಡುವ ಅವಕಾಶ ಅಲ್ಲಿ ಇಂದಿಗೂ ಇದೆ. ಕಲೆಯ ಚರಿತ್ರೆಯನ್ನು ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಇಂಥ ಹಂಚಿಕೆಯಲ್ಲಿ ರುಜುವಿಗೆ ಇನ್ನೊಂದು ಉಪಯೋಗವೂ ಇದ್ದಿರಬೇಕು. ಯಾರು ಯಾವ ವಿಗ್ರಹವನ್ನು ಮುಗಿಸಿದರೆಂಬ ಲೆಕ್ಕ ಕಲ್ಲಿನ ಮೇಲೆಯೇ ಉಳಿದರೆ ಕೂಲಿಯ ವಿಚಾರದಲ್ಲಿ ತಕರಾರಿಗೆ ಎಡೆಯಿರುವುದಿಲ್ಲ.

ಮಲ್ಲಿತಮ್ಮನ ಜಾಡು ಕೊನೆಗೊಳ್ಳುವುದು ಸೋಮನಾಥಪುರದಲ್ಲಿ. ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಅಲ್ಲಿ ಪ್ರತಿಷ್ಠಾಪಿಸಿದ ಕೇಶವ ದೇವಾಲಯ ಮೂರು ಗರ್ಭಗುಡಿಗಳ ತ್ರಿಕೂಟ. ಪ್ರತಿಯೊಂದು ಗುಡಿಯ ನೆಲಗಟ್ಟು 16 ಮೊನೆಗಳ ನಕ್ಷತ್ರ. ಜಗತಿಯ ಮೇಲೆ, ಎಂದರೆ ಗುಡಿಯ ಸುತ್ತಲೂ ಅದೇ ನಕ್ಷತ್ರದ ಅಂಚನ್ನು ಹಿಂಬಾಲಿಸುವ ಎತ್ತರದ ಕಟ್ಟೆಯ ಮೇಲೆ, ನಡೆಯುತ್ತ ಹೋದರೆ ಕೆಳಗಿನಿಂದ ಆನೆ, ಕುದುರೆ, ಬಳ್ಳಿಸುರುಳಿ, ಪುರಾಣದ ಕಥೆ, ಮಕರ, ಹಂಸಗಳ ಸಾಲುಗಳು ಒಂದರ ಮೇಲೊಂದು ಬರುತ್ತವೆ. ಅವುಗಳ ಮೇಲೆ, ಹೆಚ್ಚುಕಡಿಮೆ ಕಣ್ಣಿನ ಮಟ್ಟದಲ್ಲಿ, ದೇವತೆಗಳ ದೊಡ್ಡ ವಿಗ್ರಹಗಳು ನಿಂತಿವೆ. ಪ್ರತಿ ವಿಗ್ರಹದ ಕಾಲಡಿಯ ಕಿರಿದಾದ ಪಟ್ಟಿಕೆಯತ್ತ ಬಗ್ಗಿ ನೋಡಿದಾಗ ಹಲವೆಡೆ ಹಳೆಗನ್ನಡದ ದುಂಡನೆಯ ಅಕ್ಷರಗಳು ಕಾಣಿಸುತ್ತವೆ. ಅಲ್ಲಿ ಮಲ್ಲಿತಮ್ಮನದೆಂದು ಗುರುತಿಸಿದ ವಿಗ್ರಹಗಳೇ ಸುಮಾರು 40. ಕೆಲವು ಕಡೆ ಹೆಸರು ಮಲ್ಲಿ ಎಂದಷ್ಟಕ್ಕೆ ಮೊಟಕಾಗಿದೆ. ಉಳಿದ ಕಡೆ ಮಸಣಿತಮ್ಮ, ಚೌಡೆಯ, ನಂಜೆಯ ಮೊದಲಾದವರ ಹೆಸರುಗಳಿವೆ. ಪಲ್ಲವಾಚಾರಿ, ಚೋಳವಾಚಾರಿ ಎಂಬ ಹೆಸರುಗಳೂ ಅಲ್ಲಿರುವುದರಿಂದ ತಮಿಳು ನಾಡಿನ ಮೂಲದವರೂ ಆ ತಂಡದಲ್ಲಿದ್ದಿರಬಹುದೆಂದು ತರ್ಕಿಸಲಾಗಿದೆ. ಬೇಲೂರಿನ ಶಿಲ್ಪಿಗಳು ಬಿರುದುಗಳ ಸಾಲನ್ನೇ ಕೊರೆದಿದ್ದರೆ ಸೋಮನಾಥಪುರದ ಹಿರಿಯ ರೂವಾರಿಗೆ ಎರಡಕ್ಷರ ಸಾಕಾಯಿತು.

1196ರಿಂದ 1258ರವರೆಗಿನ ಅವಧಿ 60 ವರ್ಷಕ್ಕೂ ಹೆಚ್ಚಿನದು. ಒಬ್ಬನೇ ಮನುಷ್ಯ ಅಷ್ಟು ಕಾಲ ಉಳಿ ಹಿಡಿದು ದುಡಿದನೆಂಬುದು ಅಸಾಧ್ಯವಲ್ಲದಿದ್ದರೂ ಸುಲಭವಾಗಿ ನಂಬುವಂಥದ್ದೂ ಅಲ್ಲ. ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಮಲ್ಲಿತಮ್ಮನ ಜೊತೆಗೆ ಚಿಕ್ಕಮಲ್ಲಿತಮ್ಮನೆಂಬ ಇನ್ನೊಂದು ಹೆಸರು ಸಿಗುತ್ತದೆ. ಮಗನೋ ಮೊಮ್ಮಗನೋ ಶಿಷ್ಯನೋ ಆಗಿರಬಹುದಾದ ಈ ಕಿರಿಯ, ಹಿರಿಯನ ಹೆಸರನ್ನು ಮುಂದುವರಿಸಿದವನಾಗಿದ್ದರೆ ಆಶ್ಚರ್ಯವಿಲ್ಲ. ಹಾಗಿದ್ದಲ್ಲಿ ಕೊನೆಯ ದಶಕಗಳ ಮಲ್ಲಿತಮ್ಮ ಎಂಬುದು ಒಬ್ಬ ವ್ಯಕ್ತಿಗಿಂತ ಹೆಚ್ಚಾಗಿ ಒಂದು ಕಮ್ಮಟದ, ಎಂದರೆ ಗುರುಶಿಷ್ಯರು ಕೂಡಿ ದುಡಿಯುವ ಕಾರ್ಯಶಾಲೆಯ, ಹೆಸರಾಗಿ ನಿಂತಿತ್ತೆಂದು ತಿಳಿಯಬೇಕಾಗುತ್ತದೆ. ಒಬ್ಬನ ಕೈಚಳಕಕ್ಕೆ ಬಂದ ಹೆಸರು ಅವನ ತಂಡದ ಆಸ್ತಿಯಾಗಿ ಮಾರ್ಪಡುವ ಈ ಬೆಳವಣಿಗೆ ಕುಶಲ ಕಸುಬುಗಳ ಚರಿತ್ರೆಯಲ್ಲಿ ಬೇರೆಡೆಯೂ ಕಾಣುವಂಥದು.

ಇಷ್ಟು ಜನ, ಇಷ್ಟು ಊರುಗಳಿಂದ ಬಂದು, ಒಂದೇ ಕಟ್ಟಡದಲ್ಲಿ ಹೊಂದಿಕೊಂಡು ದುಡಿಯಲು ಸಾಧ್ಯವಾದದ್ದು ವಿನ್ಯಾಸದ ವ್ಯಾಕರಣ ಎಲ್ಲರಿಗೂ ಸಮಾನವಾಗಿದ್ದುದರಿಂದ. ನಕ್ಷತ್ರಾಕಾರದ ನೆಲಗಟ್ಟು ನೋಡುವವರಿಗೆ ಎಷ್ಟೇ ಜಟಿಲವೆನಿಸಿದರೂ, ಒಂದೇ ಕೇಂದ್ರದ ಸುತ್ತ ಒಂದೇ ಅಳತೆಯ ಚೌಕವನ್ನು ಸಮ ಅಂತರದಲ್ಲಿ ತಿರುಗಿಸುತ್ತ ಹೋದರೆ ಹೊರಮೂಲೆಗಳು ತಾವಾಗಿ ನಕ್ಷತ್ರವನ್ನು ಬಿಡಿಸುತ್ತವೆ. ಗೂಟ, ನೂಲು, ಸುಣ್ಣ ಇದ್ದರೆ ಯಾವ ಬಯಲಿನಲ್ಲಾದರೂ ಅದನ್ನು ಹಾಕಬಹುದು. ಗೋಡೆಯ ಮೇಲಿನ ಚಿಕ್ಕ ಗೋಪುರಗಳು ದೊಡ್ಡ ಗೋಪುರದ್ದೇ ಕಿರುರೂಪಗಳು. ಹೀಗೆ ಅಳತೆ ಮತ್ತು ಅಂಗಗಳ ನಿಯಮವನ್ನು ಮನಸ್ಸಿನಲ್ಲಿ ಹೊತ್ತುಕೊಂಡವನಿಗೆ ಸಾಗಿಸಲು ಬೇರೆ ಸಾಮಾನು ಹೆಚ್ಚಿರಲಿಲ್ಲ. ಕಲ್ಲು ಕೂಡ ಅವನಿಗೆ ಒದಗಿಬಂತು. ಬಳಪದ ಕಲ್ಲು ಗಣಿಯಿಂದ ಬಂದಾಗ ಮೃದುವಾಗಿದ್ದು ಗಾಳಿ ಬೆಳಕಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವುದರಿಂದ, ಮದನಿಕೆಯ ಬೆರಳುಗಳ ನಡುವಿನ ಸಂದು, ಕೊರಳಹಾರದ ಮಣಿಗಳು ಮೊದಲಾದ, ಕಣಶಿಲೆಯಲ್ಲಿ ಕನಸಿಗೂ ಬಾರದ ಕೆಲಸ ಅದರಲ್ಲಿ ಸಾಧ್ಯವಾಯಿತು. ಕಂಬಗಳನ್ನು ತಿರುಗಣಿಗೆ ಏರಿಸಿ ಕಡೆದು ಕನ್ನಡಿಯಂತೆ ನುಣುಪಾಗಿಸಲೂ ಆಯಿತು. ಇಷ್ಟಾಗಿಯೂ ಎಲ್ಲ ಕೆಲಸ ಪೂರ್ತಿಯಾಗಲಿಲ್ಲ. ಹಳೇಬೀಡಿನ ಗುಡಿಯ ಕೆಲವು ಭಾಗಗಳು ಇಂದಿಗೂ ಅಪೂರ್ಣವಾಗಿ ಉಳಿದು, ಒರಟು ಕಲ್ಲು ಹಂತಹಂತವಾಗಿ ರೂಪ ತಾಳುತ್ತಿದ್ದ ಬಗೆಯನ್ನು ತೋರಿಸುತ್ತವೆ.

ಶಾಸನಗಳು ದೇವರ ನೈವೇದ್ಯದ ಅಕ್ಕಿ, ನಂದಾದೀಪದ ಎಣ್ಣೆ, ಪೂಜಾರಿಯ ವೃತ್ತಿಯ ಭೂಮಿಗಳನ್ನು ಎಲ್ಲೆ ಸಮೇತ ಬರೆದಿಡುವಷ್ಟು ವಿವರವಾಗಿದ್ದರೂ ಶಿಲ್ಪಿಯ ಕೂಲಿಯ ವಿಷಯದಲ್ಲಿ ಹೆಚ್ಚಾಗಿ ಮೌನವಾಗಿವೆ. ಈ ಮೌನದ ಜಾಗವನ್ನು ಮುಂದೆ ಐತಿಹ್ಯ ತುಂಬಿತು. ಬೇಲೂರು, ಹಳೇಬೀಡುಗಳಷ್ಟೇ ಅಲ್ಲದೆ ನಾಡಿನ ಎಷ್ಟೋ ಗುಡಿಗಳನ್ನು ಜಕಣಾಚಾರಿ ಎಂಬ ಒಬ್ಬನೇ ಕಟ್ಟಿದನೆಂಬ ಕಥೆ, ತುಮಕೂರು ಬಳಿಯ ಕೈದಾಳದಲ್ಲಿ ಅವನು ಕಳೆದುಕೊಂಡ ಕೈ ಮರಳಿ ಬಂದ ಪ್ರಸಂಗ, ಮಗ ಡಂಕಣಾಚಾರಿ ವಿಗ್ರಹದೊಳಗಿನ ಕಪ್ಪೆಯನ್ನು ತೋರಿಸಿಕೊಟ್ಟ ಪ್ರಸಂಗ, ಇವೆಲ್ಲ ಜನಮನದಲ್ಲಿ ಬೇರೂರಿವೆ. ಶಿಲ್ಪಿಗಳಿಗೆ ರಾಜ್ಯ ಸರ್ಕಾರ ಕೊಡುವ ಪ್ರಶಸ್ತಿಯೂ ಆ ಹೆಸರಿನದೇ. ಕಥೆ ಸೊಗಸಾಗಿದೆ, ಶಿಲ್ಪಿಯ ಬಗೆಗಿನ ಜನರ ಪ್ರೀತಿ ಅದರಲ್ಲಿದೆ. ಆದರೆ ಸಮಕಾಲೀನ ರುಜುಗಳಲ್ಲಿ ಬೇಲೂರಿನ ಮಹಾಶಿಲ್ಪಿಯಾಗಿ ಜಕಣಾಚಾರಿ ಕಾಣುವುದಿಲ್ಲ. ಕಾಣುವವರು ದಾಸೋಜ, ಚಾವಣ, ಮಲ್ಲಿಯಣ್ಣ, ನಾಗೋಜರು. ತಮ್ಮ ಹೆಸರು ಅಳಿಯಬಾರದೆಂದು ಇಷ್ಟು ಜನ ಕಲ್ಲಿನಲ್ಲಿ ಕೊರೆದ ಮೇಲೂ ಅವರೆಲ್ಲರ ದುಡಿಮೆ ಒಂದು ಕಲ್ಪಿತ ಹೆಸರಿನೊಳಗೆ ಕರಗಿಹೋದುದು ನೋವಿನ ಸಂಗತಿ. ಅವರನ್ನು ಮತ್ತೆ ಎತ್ತಿ ತೋರಿಸಿದ ಕೀರ್ತಿ ಶಾಸನಶೋಧಕರಿಗೆ ಸಲ್ಲುತ್ತದೆ: ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ಹೊರತಂದ ಬಿ.ಎಲ್. ರೈಸ್ ಅವರಿಗೂ, ಸೋಮನಾಥಪುರದ ಬಗ್ಗೆ 1917ರಲ್ಲಿ, ಬೇಲೂರಿನ ಬಗ್ಗೆ 1919ರಲ್ಲಿ ಪುಸ್ತಕಗಳನ್ನು ಪ್ರಕಟಿಸಿ ಪೀಠಪೀಠದ ಮೇಲಿನ ಹೆಸರುಗಳನ್ನೂ ಓದಿ ಪಟ್ಟಿಮಾಡಿದ ಆರ್. ನರಸಿಂಹಾಚಾರ್ಯರಿಗೂ.

1311ರಲ್ಲಿ ದೆಹಲಿ ಸುಲ್ತಾನನ ಸೇನಾನಿ ಮಲಿಕ್ ಕಾಫರನ ದಂಡು ಹೊಯ್ಸಳರ ರಾಜಧಾನಿಯಾದ ದೋರಸಮುದ್ರದ, ಎಂದರೆ ಇಂದಿನ ಹಳೇಬೀಡಿನ, ಮೇಲೆ ಎರಗಿದ ಬಳಿಕ, 1327ರ ಹೊತ್ತಿನ ಎರಡನೆಯ ದಾಳಿಯ ಬಳಿಕ, ದಂಡನಾಯಕರೂ ಸೆಟ್ಟಿಗಳೂ ಊರೂರಿನಲ್ಲಿ ಗುಡಿ ಕಟ್ಟಿಸುತ್ತಿದ್ದ ಕಾಲ ಮುಗಿಯಿತು. ವಿಜಯನಗರದ ಕಾಲದಲ್ಲಿ ಕಟ್ಟಡದ ಕೆಲಸ ಮತ್ತೆ ಅಪಾರವಾಗಿ ನಡೆದರೂ ಹೊಯ್ಸಳ ಗೋಡೆಗಳಲ್ಲಿರುವಷ್ಟು ದಟ್ಟವಾಗಿ ಶಿಲ್ಪಿಗಳ ರುಜುಗಳು ಅಲ್ಲಿ ಕಾಣುವುದಿಲ್ಲ. ಬಳಪದ ಕಲ್ಲಿನ ಬದಲು ಗಡುಸಾದ ಕಣಶಿಲೆ ಬಂದುದೇ ಇದಕ್ಕೆ ಕಾರಣವೆನ್ನಲು ಬಾರದು, ಏಕೆಂದರೆ ಅದೇ ಕಣಶಿಲೆಯ ಮೇಲೆ ದಾನಶಾಸನಗಳು ಸಾಲುಸಾಲಾಗಿ ಇವೆ. ಪೋಷಣೆ ಒಂದು ಮಹಾರಾಜಧಾನಿಯ ಸುತ್ತ ನೆರೆದು, ಬೃಹತ್ ತಂಡಗಳು ಅಲ್ಲಿಯೇ ತಲೆಮಾರುಗಳ ಕಾಲ ದುಡಿಯುವಂತಾದಾಗ, ಬಿಡಿಶಿಲ್ಪಿ ತನ್ನ ಹೆಸರನ್ನು ಊರಿಂದೂರಿಗೆ ಕಳಿಸಬೇಕಾದ ಅಗತ್ಯ ಕುಗ್ಗಿತೆಂಬುದು ಹೆಚ್ಚು ಒಪ್ಪಿತವಾಗುವ ವಿವರಣೆ. ದಾಸೋಜನಿಗೆ ಬಳ್ಳಿಗಾವೆಯನ್ನೂ ಬೈಚೋಜನಿಗೆ ನಂದಿಯನ್ನೂ ತಮ್ಮ ಹೆಸರಿನ ಮುಂದೆ ಬರೆದುಕೊಳ್ಳಬೇಕೆನಿಸಿದ್ದು ಅವರು ಆ ಊರುಗಳನ್ನು ಬಿಟ್ಟು ಬಂದಿದ್ದರಿಂದ, ಮುಂದಿನ ಕರೆ ಎಲ್ಲಿಂದ ಬರುವುದೋ ಅಲ್ಲಿಗೂ ಆ ಹೆಸರು ತಮಗಿಂತ ಮೊದಲೇ ತಲುಪಬೇಕಾಗಿದ್ದರಿಂದ.